ಬಲವೂ ಬೇಕು, ಬೆನ್ನೂ ಬೇಕು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ವಾರ ಕಾರ್ಯದರ್ಶಿಗಳು ನಮ್ಮನ್ನು ಬಾಗಿಲಲ್ಲೇ ತಡೆದು, ಈ ಸಲ ನೀವೇ ನಾಲ್ಕು ಮಾತು ಆಡಬೇಕೆಂದು ಅಪ್ಪಣೆ ಮಾಡಿದರು. ನಾವು ಪಂಡಿತರಲ್ಲ, ವೈದ್ಯರಂತೂ ಅಲ್ಲವೇ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಗೋದಾಮಿನಲ್ಲಿ ಚೀಲದ ಲೆಕ್ಕ ಬರೆಯುವ ಗುಮಾಸ್ತರು. ಆದರೆ ಚೀಲ ಎತ್ತುವವರ ಎದುರು ಹತ್ತು ಹನ್ನೆರಡು ವರ್ಷ ಕುಳಿತು ಬರೆದವನಿಗೆ, ಯಾರು ಹೇಗೆ ಎತ್ತುತ್ತಾರೆ, ಯಾರ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಆ ಹಾಜರಿ ಪುಸ್ತಕದ ಬಲದಿಂದಲೇ ಈ ದಿನ ಮಾತನಾಡುತ್ತಿದ್ದೇವೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಾದ ಹುಡುಗ ಯಾದಗಿರಿ ಕಡೆಯವನು. ಹೆಸರು ಬೇಡ, ಅವನು ಹಿಂದಿನ ಬೆಂಚಿನಲ್ಲೇ ಕುಳಿತಿದ್ದಾನೆ, ಸಂಕೋಚಪಡುತ್ತಾನೆ. ಹಗಲೆಲ್ಲ ಹಮಾಲಿ ಮಾಡುತ್ತಿದ್ದ. ಗೆಳೆಯರ ಮಾತು ಕೇಳಿ ಸಂಜೆ ಜಿಮ್ಮಿಗೂ ಸೇರಿಕೊಂಡ. ಸೇರಿ ಆರನೆಯ ವಾರಕ್ಕೆ, ಇಡೀ ದಿನ ಲಾರಿ ಇಳಿಸಿ ಬಂದ ಸಂಜೆ, ನೆಲದಿಂದ ಸಲಾಕೆ ಎತ್ತುವ ಪಟ್ಟಿಗೆ ನಿಂತ. ಜಿಮ್ಮಿನವರು ಅದನ್ನು ಡೆಡ್‌ಲಿಫ್ಟ್ ಎನ್ನುತ್ತಾರೆ. ಪಕ್ಕದವನು ಎತ್ತಿದ್ದಕ್ಕಿಂತ ಇಪ್ಪತ್ತು ಕಿಲೋ ಹೆಚ್ಚು ಹಾಕಿಸಿಕೊಂಡು ಎಳೆದ. ಸಲಾಕೆ ಮೊಣಕಾಲಿನ ತನಕ ಬಂತು; ಸೊಂಟದಲ್ಲಿ ಚಳಕು ಹೊಡೆಯಿತು. ಮೂರನೆಯ ದಿನ ಗೋಡೆ ಹಿಡಿದುಕೊಂಡು ಈ ವಾಚನಾಲಯದ ಮೆಟ್ಟಿಲು ಹತ್ತಿ ಬಂದು ಸ್ಕ್ಯಾನಿನ ಕಾಗದ ಚಾಚಿದ. "ಅಣ್ಣಾರ, ಇದ್ರಾಗ ಇಂಗ್ಲೀಷನ್ಯಾಗ ಏನ ಬರದಾರ, ಸ್ವಲ್ಪ ಓದಿ ಹೇಳ್ರಿ" ಎಂದ. ಓದಿ ಹೇಳಿದೆವು. ಆರು ವಾರ ಅವನ ಹೆಸರಿನ ಮುಂದೆ ಗೈರುಹಾಜರಿ ಬರೆದವರೂ ನಾವೇ. ಚೀಲದ ಲೆಕ್ಕಕ್ಕೆ ಕೂಲಿ ಪಡೆಯುವವನಿಗೆ ಆರು ವಾರವೆಂದರೆ ಏನೆಂದು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಹಣ ಹೋಗಲಿಲ್ಲ. ಕಿರಾಣಿ ಅಂಗಡಿಯ ಖಾತೆ ಮಾತ್ರ ಬೆಳೆಯಿತು.

ಅವನನ್ನು ಬೈಯುವ ಅಧಿಕಾರ ನಮಗಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾವೂ ನಮ್ಮೂರ ಜಾತ್ರೆಯಲ್ಲಿ ಉಸುಕಿನ ಚೀಲ ಎತ್ತಲು ಹೋದವರು. ಕಾರಹುಣ್ಣಿಮೆಗೋ ಜಾತ್ರೆಗೋ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಚೀಲ ಎತ್ತುವ ಪಂದ್ಯ ನಮ್ಮ ಕಡೆಯ ಊರುಗಳಲ್ಲಿ ಇಂದಿಗೂ ನಡೆಯುತ್ತದೆ. ವರ್ಷವೆಲ್ಲ ಸಾಮು ಮಾಡಿದವರು ಎತ್ತಿದರು. ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತಿದ್ದ ನಾವೂ ಎತ್ತಲು ಹೋದೆವು. ಚೀಲ ಮೊಣಕಾಲಿಗೆ ಬಂದಾಗ ಜನ ಕೂಗಿದರು. ಆ ಕೂಗಿಗೆ ಮೈಮರೆತು ಸೊಂಟ ತಿರುವಿ ಹೆಗಲಿಗೆ ಎಸೆದುಕೊಳ್ಳಲು ನೋಡಿದೆವು. ಆಮೇಲೆ ಒಂದು ತಿಂಗಳು ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗಲಿಲ್ಲ.

ಎರಡು ಸಲವೂ ಆದದ್ದು ಒಂದೇ ತಪ್ಪು. ಬಲವನ್ನು ಒಂದು ದಿನದ ಮಾತೆಂದು ತಿಳಿದದ್ದು. ವ್ಯಾಯಾಮ ಶುರುಮಾಡಿದವನಿಗೆ ಮೊದಲ ಕೆಲವು ವಾರ ಬಲ ಬೇಗ ಏರಿದಂತೆ ಕಾಣುತ್ತದೆ. ಆ ಏರಿಕೆಯಲ್ಲಿ ಬಹುಪಾಲು, ಇದ್ದ ಸ್ನಾಯುವನ್ನೇ ನರಗಳು ಚೆನ್ನಾಗಿ ಬಳಸಲು ಕಲಿತದ್ದು. ಸ್ನಾಯು ಬೆಳೆಯಲು ತಿಂಗಳುಗಳು ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕಿರುವ ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಆರನೆಯ ವಾರದಲ್ಲಿ ತೋಳು 'ಇನ್ನಷ್ಟು ಹಾಕು' ಅನ್ನುತ್ತದೆ. ಕಟ್ಟು ಮಾತ್ರ ಇನ್ನೂ ಹಳೆಯದೇ.

ಹಾಗಾದರೆ ನಿಜವಾದ ಬಲಶಾಲಿಗೆ ಎಷ್ಟು ಕಾಲ ಹಿಡಿಯುತ್ತದೆ? ನಮ್ಮ ಕನ್ನಡದವರೇ ಆದ ಗುರುರಾಜ ಪೂಜಾರಿಯವರ ಲೆಕ್ಕ ನೋಡೋಣ. ಉಡುಪಿ ಜಿಲ್ಲೆಯ ಕುಂದಾಪುರದ ಕಡೆಯವರು. ಮೊದಲು ಕುಸ್ತಿಯ ಹಂಬಲ. ಉಜಿರೆಯ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವ ಕ್ರೀಡೆಗೆ ತಿರುಗಿದರು. 2018ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 56 ಕಿಲೋ ವರ್ಗದಲ್ಲಿ ಬೆಳ್ಳಿ ಪದಕ. ಒಂದೇ ಎತ್ತಿಗೆ ತಲೆಯ ಮೇಲೆ ತರುವ ಸ್ನ್ಯಾಚ್‌ನಲ್ಲಿ 111, ಎರಡು ಹಂತದಲ್ಲಿ ಎತ್ತುವ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವರ್ಗದಲ್ಲಿ, 118 ಮತ್ತು 151, ಒಟ್ಟು 269, ಕಂಚು. ನಾವು ಗುಮಾಸ್ತರು, ಕಳೆದು ನೋಡಿದೆವು. ಇಪ್ಪತ್ತು ಕಿಲೋ. ಅದರಲ್ಲಿ ಸ್ನ್ಯಾಚ್ ಏರಿದ್ದು ಏಳೇ ಕಿಲೋ. ಅದೂ ದೇಹದ ತೂಕದ ವರ್ಗ ಒಂದು ಮೆಟ್ಟಿಲು ಮೇಲೇರಿದ ಮೇಲೆ. ಭಾರ ಎತ್ತುವುದನ್ನೇ ಕಸುಬು ಮಾಡಿಕೊಂಡ ಪಟುವಿಗೆ ನಾಲ್ಕು ವರ್ಷದಲ್ಲಿ ಇಪ್ಪತ್ತು ಕಿಲೋ; ನಮ್ಮ ಹುಡುಗನಿಗೆ ಒಂದೇ ಸಂಜೆಯಲ್ಲಿ ಇಪ್ಪತ್ತು ಕಿಲೋ ಬೇಕಾಗಿತ್ತು! (ಇದನ್ನು ಹೇಳಿದಾಗ ಅವನೇ ನಕ್ಕ.)

ನಮ್ಮ ಗರಡಿಗಳಿಗೆ ಈ ನಿಧಾನ ಗೊತ್ತಿತ್ತು. ಇಲ್ಲಿ ಸುಲ್ತಾನ್ ಬಜಾರಿನ ಸುತ್ತ ಇರುವವರಿಗೆ ಹನುಮಾನ್ ವ್ಯಾಯಾಮಶಾಲೆಯ ಹೆಸರು ಹೊಸದಲ್ಲ. ಊರ ಕಡೆಯ ತಾಲೀಮಖಾನೆಗಳನ್ನೂ ನೀವು ಬಲ್ಲಿರಿ. ಹೊಸಬನನ್ನು ಉಸ್ತಾದರು ಮೊದಲ ದಿನವೇ ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿ ಅಗೆ, ದಂಡ ಹೊಡೆ, ಬಸ್ಕಿ ತೆಗೆ. ಗದೆ ತಿರುಗಿಸುವುದು ಆಮೇಲೆ, ಅದರಲ್ಲೂ ಹಗುರವಾದದ್ದು ಮೊದಲು. ಆದರೆ ಹಳೆಯದೆಲ್ಲ ಒಳ್ಳೆಯದೆಂದು ಹೇಳಲಾರೆವು. ನೋವನ್ನು ಬಾಯಿಬಿಟ್ಟವನು ಗಂಡಸಲ್ಲವೆಂಬ ಮಾತೂ ಆ ಮಟ್ಟಿಯಲ್ಲೇ ಬೆಳೆದದ್ದು. ಅದರಿಂದ ಕೆಟ್ಟ ಮೊಣಕಾಲುಗಳು ಎಷ್ಟೋ.

ಇಲ್ಲೇ ನಮ್ಮ ಕಪಾಟಿನ ಸಂಗತಿಯೊಂದನ್ನು ಹೇಳಿಬಿಡುತ್ತೇವೆ. 'ಶಾಂತಲಾ' ಕಾದಂಬರಿಯನ್ನು ಓದದವರು ಈ ವಾಚನಾಲಯದಲ್ಲಿ ಕಡಿಮೆ. ಅದನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ದೇಹದಾರ್ಢ್ಯದ ಗುರುಗಳು. 1930ರ ಹೊತ್ತಿಗೇ ವ್ಯಾಯಾಮದ ಮೇಲೆ ಪುಸ್ತಕ ಪ್ರಕಟಿಸಿದವರು, ಅಂಚೆಯ ಮೂಲಕವೂ ಪಾಠ ಹೇಳಿದವರು. ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರ, ಆಸನಗಳನ್ನೂ ಒಟ್ಟಿಗೆ ಕಲಿಸಿದರು. ಎತ್ತುವ ಬಲದ ಜೊತೆಗೆ ಬಾಗುವ ಬಲವೂ ಬೇಕೆಂದು ತೊಂಬತ್ತು ವರ್ಷದ ಹಿಂದೆಯೇ ಕಂಡ ಈ ಮಹನೀಯರು 1980ರಲ್ಲಿ ತೀರಿಕೊಂಡರು. ಓದುವವರು ಮೈ ಬೆಳೆಸಬಾರದು, ಮೈ ಬೆಳೆಸುವವರು ಓದಬಾರದು ಎಂದು ಯಾರಾದರೂ ಹೇಳಿದರೆ ಆ ಕಪಾಟು ತೋರಿಸಿರಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕೋಣೆಯಲ್ಲಿ ಎರಡು ಬಗೆಯ ಜನ ಕುಳಿತಿದ್ದೇವೆ. ದಿನವೆಲ್ಲ ಎತ್ತುವವರು, ದಿನವೆಲ್ಲ ಕೂಡುವವರು. ಇಬ್ಬರಿಗೂ ಒಂದೇ ವ್ಯಾಯಾಮ ಹೇಳುವವನನ್ನು ನಂಬಬೇಡಿ.

ಎತ್ತುವವರ ಲೆಕ್ಕ ಮೊದಲು. ಒಂದು ಚೀಲ 50 ಕಿಲೋ. ದಿನಕ್ಕೆ ಇನ್ನೂರು ಚೀಲ ಹೊತ್ತರೆ 10,000 ಕಿಲೋ, ಎಂದರೆ ಹತ್ತು ಟನ್. ದೇಹಕ್ಕೆ ಇದು ಗಿರಣಿಯ ಚೀಲ, ಇದು ಜಿಮ್ಮಿನ ಪ್ಲೇಟು ಎಂಬ ಭೇದವಿಲ್ಲ. ಎಲ್ಲವೂ ಒಂದೇ ಖಾತೆಗೆ ಖರ್ಚಾಗಿ ಬೀಳುತ್ತದೆ. ಹಮಾಲಿ ಮಾಡುವವನು ಸಂಜೆ ಮತ್ತೆ ಬೆನ್ನಿನ ಭಾರ ಎತ್ತುವುದು ಉಳಿತಾಯವಿಲ್ಲದ ಖಾತೆಯಿಂದ ಮತ್ತೆ ಹಣ ತೆಗೆದಂತೆ. ಅವನಿಗೆ ಬೇಕಾದದ್ದು ಚೀಲ ಕೊಡದ ಕೆಲಸ: ಸಲಾಕೆಗೆ ಜೋತುಬಿದ್ದು ಮೈ ಎಳೆದುಕೊಳ್ಳುವುದು, ನಾಲ್ಕಾರು ದಂಡ, ಮಗ್ಗುಲಾಗಿ ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು. ಇದು ಪಕ್ಕೆಯನ್ನೂ ಹೊಟ್ಟೆಯನ್ನೂ ಬಿಗಿಮಾಡಿ ಬೆನ್ನಿಗೆ ಆಸರೆಯಾಗುತ್ತದೆ. ಭಾರದ ವ್ಯಾಯಾಮವೇನಿದ್ದರೂ ಲಾರಿ ಕಡಿಮೆ ಬರುವ ದಿನಗಳಿಗೆ ಇರಲಿ.

ಕೂಡುವವರಿಗೆ, ಎಂದರೆ ನಮ್ಮ ಗುಮಾಸ್ತರ ಜಾತಿಗೆ, ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು. ಆದರೆ ಕುರ್ಚಿಯಿಂದ ಎದ್ದವರೇ ನೇರ ಸಲಾಕೆಗೆ ಬಾಗಕೂಡದು. ಹತ್ತು ನಿಮಿಷ ನಡೆಯಿರಿ, ಬರಿಗೈಯಲ್ಲಿ ಬಸ್ಕಿ ತೆಗೆಯಿರಿ, ಖಾಲಿ ಸಲಾಕೆ ಎತ್ತಿರಿ, ಆಮೇಲೆ ಪ್ಲೇಟು. ವಾರಕ್ಕೆ ಎರಡು ಮೂರು ದಿನ ಸಾಕು. ಪ್ರತಿ ಸರದಿಯಲ್ಲೂ ಇನ್ನು ಎರಡು ಸಲ ಎತ್ತಬಲ್ಲೆ ಎನ್ನುವಾಗಲೇ ಕೆಳಗಿಡಿ. ಎರಡು ಸರ್ತಿ ಸುಲಭವಾಗಿ ಆದರೆ ಮಾತ್ರ ಭಾರ ಏರಿಸಿ. ಅದೂ ಎರಡೂವರೆ ಕಿಲೋ. 40 ಕಿಲೋದಿಂದ ಹೊರಟು ತಿಂಗಳಿಗೆ ಎರಡೂವರೆ ಏರಿಸಿದರೂ ವರ್ಷಕ್ಕೆ 70 ಆಗುತ್ತದೆ. ಐದನೆಯ ವಾರಕ್ಕೊಮ್ಮೆ ಬೇಕೆಂದೇ ಹಗುರ ಮಾಡಿ. ಒಂದು ನೋಟುಪುಸ್ತಕದಲ್ಲಿ ದಿನ, ಭಾರ, ಎಷ್ಟು ಸಲ, ನಿದ್ದೆ ಹೇಗಿತ್ತು ಎಂದು ಬರೆಯಿರಿ. ಲೆಕ್ಕ ಬರೆಯುವುದು ನಮಗೆ ಹೊಸದೇನಲ್ಲ. ಡಬ್ಬಿಯ ಪುಡಿಗಿಂತ ಶೇಂಗಾ, ಕಡಲೆ, ಹಾಲು, ಮೊಟ್ಟೆ ಅಗ್ಗ. ಸೂಜಿಮದ್ದು ತೋರಿಸುವವನನ್ನು ಕಂಡರೆ ಎದ್ದು ಬನ್ನಿ.

ಎತ್ತುವ ರೀತಿಯ ಬಗ್ಗೆ ನಾಲ್ಕು ಮಾತು ಸಾಕು. ಭಾರವನ್ನು ಮೈಗೆ ಅಂಟಿಸಿಕೊಳ್ಳಿ. ಒಂದು ಮೊಳ ದೂರ ಹಿಡಿದ ಕೊಡವೂ ಬೆನ್ನಿಗೆ ಬಂಡೆ. ಸೊಂಟದ ಕೀಲಿನಲ್ಲಿ ಬಾಗಿ, ಬೆನ್ನನ್ನು ಕಮಾನು ಮಾಡಬೇಡಿ. ಭಾರ ಕೈಯಲ್ಲಿರುವಾಗ ತಿರುಗಬೇಕಾದರೆ ಪಾದ ತಿರುಗಲಿ, ಸೊಂಟವಲ್ಲ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ಎದ್ದಾಗ ನಾವು ಒಂದೆರಡು ಸೆಂಟಿಮೀಟರ್ ಎತ್ತರವಾಗಿರುವುದು ಇದರಿಂದಲೇ. ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಆದ್ದರಿಂದ ನಸುಕಿನಲ್ಲಿ ಮಾರುಕಟ್ಟೆಗೆ ಓಡುವವರು ಹಾಸಿಗೆಯಿಂದ ಚೀಲಕ್ಕೆ ನೇರವಾಗಿ ಹೋಗದೆ, ಮಾರುಕಟ್ಟೆಯ ತನಕ ಸ್ವಲ್ಪ ದೂರವಾದರೂ ನಡೆದು ಹೋಗಿ. ಸೊಂಟದ ಪಟ್ಟಿಯನ್ನು ಬಹಳ ಜನ ಕೇಳುತ್ತಾರೆ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆಯವರು 1994ರಲ್ಲಿ ಪರಿಶೀಲಿಸಿ, ನೋವಿಲ್ಲದ ಕೆಲಸಗಾರನನ್ನು ಪಟ್ಟಿ ಕಾಪಾಡುತ್ತದೆಂದು ಹೇಳಲು ಆಧಾರ ಸಾಲದೆಂದು ತಿಳಿಸಿದರು. ಪಟ್ಟಿ ಕಟ್ಟಿದೆನೆಂಬ ಧೈರ್ಯದಲ್ಲಿ ಎರಡು ಚೀಲ ಹೊರುವವರನ್ನು ನಾವೇ ಕಂಡಿದ್ದೇವೆ.

ಮನೆಯ ಹೆಣ್ಣುಮಕ್ಕಳ ಮಾತೂ ಇದೇ. ತುಂಬಿದ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ; ಕಬ್ಬಿಣ ಸೇರಿ ಮೂವತ್ತರ ಹತ್ತಿರ. ಅದನ್ನು ಮೂರನೆಯ ಮಹಡಿಗೆ ಒಬ್ಬರೇ ಹೊರುವ ಶೌರ್ಯ ಬೇಡ.

ಕಾನೂನು ಏನನ್ನುತ್ತದೆಂದು ಕೇಳುವವರಿದ್ದಾರೆ. 1948ರ ಕಾರ್ಖಾನೆ ಕಾಯದೆಯ 34ನೆಯ ಕಲಮೇ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ಹೇಳಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಗಂಡಾಳಿಗೆ 55 ಕಿಲೋ ಮಿತಿಯೆಂದು ಶಿಫಾರಸು ಮಾಡಿತು. 1991ರ ಅಮೆರಿಕದ ಸೂತ್ರವಂತೂ ಎಲ್ಲ ಅನುಕೂಲವಿದ್ದಾಗಲೂ 23 ಕಿಲೋದಿಂದ ಲೆಕ್ಕ ಆರಂಭಿಸುತ್ತದೆ. ನಮ್ಮ ಚೀಲ ಅದರ ಎರಡರಷ್ಟಕ್ಕೂ ಮೇಲೆ. ಹಿಂದಿನ ಕ್ವಿಂಟಲ್ ಚೀಲ ಹೊತ್ತ ಹಿರಿಯರು ಇಲ್ಲಿದ್ದಾರೆ; ಅವರ ನಡಿಗೆ ನೋಡಿದರೆ ಸಾಕು.

ಇನ್ನು ನೋವು. ವ್ಯಾಯಾಮದ ಮಾರನೆಯ ದಿನ, ಮೂರನೆಯ ದಿನ ಮೈಯೆಲ್ಲ ಹಿಡಿದುಕೊಂಡಿದ್ದರೆ ಹೆದರಬೇಡಿ, ಹೋಗುತ್ತದೆ. ಒಂದೇ ಕಡೆ ಚುಚ್ಚುವ ನೋವು, ಕಾಲಿಗೆ ಇಳಿಯುವ ನೋವು, ಜೋಮು, ಇವಿದ್ದರೆ ಎತ್ತುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಾಲು ಸೋತರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ರಾತ್ರಿ ದವಾಖಾನೆಗೆ ಹೋಗಬೇಕು, ಬೆಳಗಾಗಲೆಂದು ಕಾಯಬಾರದು. ಆದರೆ ಸ್ಕ್ಯಾನಿನ ಕಾಗದದಲ್ಲಿ ಡಿಸ್ಕ್ ಉಬ್ಬಿದೆ ಎಂದಿದ್ದ ಮಾತ್ರಕ್ಕೆ ಬಾಳು ಮುಗಿಯಲಿಲ್ಲ. ಏನೂ ನೋವಿಲ್ಲದವರ ಸ್ಕ್ಯಾನಿನಲ್ಲೂ ಅದು ಎಷ್ಟೋ ಸಲ ಕಾಣುತ್ತದೆ. ಸಾಮಾನ್ಯ ಬೆನ್ನುನೋವಿಗೆ ವಾರಗಟ್ಟಲೆ ಮಲಗುವುದನ್ನೂ ಈಗ ವೈದ್ಯರು ಒಪ್ಪುವುದಿಲ್ಲ. ತಾಳಿಕೊಳ್ಳುವಷ್ಟು ನಡೆದಾಡಿ ಎನ್ನುತ್ತಾರೆ. ಮಣಿಪುರದ ಮೀರಾಬಾಯಿ ಚಾನು ಬೆನ್ನುನೋವಿನಿಂದ 2018ರ ಏಷ್ಯನ್ ಕ್ರೀಡೆಗಳನ್ನೇ ಬಿಟ್ಟರು. ಸುಮ್ಮನೆ ಮಲಗಲಿಲ್ಲ, ನೋವಿನ ಮೂಲ ಹುಡುಕಿಸಿಕೊಂಡು ಮೈಯನ್ನು ತಿದ್ದಿಕೊಂಡರು. 2021ರಲ್ಲಿ ಟೋಕಿಯೋದಲ್ಲಿ 202 ಕಿಲೋ ಎತ್ತಿ ಒಲಿಂಪಿಕ್ಸ್ ಬೆಳ್ಳಿ ತಂದರು.

ನಮ್ಮ ಹುಡುಗ ಏಳನೆಯ ವಾರ ಕೆಲಸಕ್ಕೆ ಬಂದ. ಮೊದಲು ಅರ್ಧ ದಿನ, ಜೋಡಿಯವನ ಸಹಾಯದಿಂದ. ಈಗ ಅವನ ಜೇಬಿನಲ್ಲೂ ಒಂದು ನೋಟುಪುಸ್ತಕವಿದೆ. ಹೋದ ಬುಧವಾರ ಅದರಲ್ಲಿ ಬರೆದಿದ್ದ: 'ಲಾರಿ ಎರಡು. ಸಂಜಿಗೆ ಜಿಮ್ಮು ಇಲ್ಲ.'

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಒಂದು ವಿನಂತಿ ಉಂಟು. ಸಭೆ ಮುಗಿದ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಮೇಲಿನ ಕೋಣೆಗೆ ಸಾಗಿಸಬೇಕಾಗಿದೆ. ಕಟ್ಟುಗಳನ್ನು ಬಿಚ್ಚಿ ಅರ್ಧರ್ಧ ಮಾಡಿ ಇಟ್ಟಿದ್ದೇವೆ. ಒಬ್ಬೊಬ್ಬರು ಒಂದೊಂದನ್ನೇ, ಎದೆಗೆ ಒತ್ತಿ ಹಿಡಿದುಕೊಂಡು ಹೋಗಬೇಕು. ಮೆಟ್ಟಿಲ ತಿರುವಿನಲ್ಲಿ ದೀಪ ಕೆಟ್ಟಿದೆ, ನೋಡಿಕೊಂಡು ಹತ್ತಿರಿ.