ಲೆಕ್ಕದ ಪುಸ್ತಕದಲ್ಲಿ ಇಲ್ಲದವರು

(ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನಾನು ಮಲೆನಾಡಿನವನು, ಮಣ್ಣಿನ ಪರೀಕ್ಷೆ ನನ್ನ ವೃತ್ತಿ. ಕಾಫಿ ತೋಟದ ಮಣ್ಣಿನ ವರದಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ ಒಂದೊಂದು ಅಂಕಣವಿರುತ್ತದೆ. ಆ ಮಣ್ಣನ್ನು ಅಗೆದವರಿಗೆ ಅಂಕಣವಿಲ್ಲ. ಅದನ್ನು ನಾನು ಮೊದಲು ಕಂಡದ್ದು ಕಾದಂಬರಿಯಲ್ಲಿ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಅದನ್ನು ಅಸ್ಪೃಶ್ಯತೆಯ ಕಥೆಯೆಂದು ಓದುತ್ತೇವೆ; ಅದು ಸರಿಯೇ. ಆದರೆ ಅದು ಕಾಫಿ ತೋಟದ ಸಾಲದ ಕಥೆಯೂ ಹೌದು. ತಂದೆಯ ಸಾಲ ತೀರಿಸಲು ಇಬ್ಬರು ಮಕ್ಕಳು ಘಟ್ಟದ ತೋಟಕ್ಕೆ ಹೋಗುತ್ತಾರೆ. ಒಬ್ಬ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಮನೆಗೆ ಮರಳುವುದಿಲ್ಲ. ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಮಗಳು ಬೆಳ್ಳಿ ಹೋಗಿ, ತೋಟದಲ್ಲಿ ಅಧಿಕಾರವಿದ್ದವರ ಕಾಮಕ್ಕೆ ಬಲಿಯಾದ ಮೇಲೆ ಅದೇ ಸಾಲ ಮನ್ನಾ ಆಗುತ್ತದೆ. ದುಡಿಮೆಯಿಂದ ತೀರದ ಸಾಲ ಹೀಗೆ ತೀರಿತೆಂದರೆ, ಆ ಲೆಕ್ಕವನ್ನು ಬರೆದವರು ಯಾರು? ಕಾರಂತರು ಕೇಳಿಸುವ ಪ್ರಶ್ನೆ ಇದು. ಜೀತಪದ್ಧತಿ ರದ್ದತಿ ಕಾನೂನು ಬಂದದ್ದು 1976ರಲ್ಲಿ, ಕಾದಂಬರಿ ಬಂದು 43 ವರ್ಷಗಳಾದ ಮೇಲೆ.

ಕಥೆಯನ್ನು ಅರ್ಧವೇ ಓದುವ ಅಪಾಯವೂ ಉಂಟು. ಅಮೆರಿಕದ ಅಪ್ಟನ್ ಸಿಂಕ್ಲೇರ್ 1904ರಲ್ಲಿ ಶಿಕಾಗೋ ನಗರದ ಮಾಂಸದ ಕಾರ್ಖಾನೆಗಳ ಕಾರ್ಮಿಕರ ನಡುವೆ ಏಳು ವಾರ ಕಳೆದು ‘ದಿ ಜಂಗಲ್’ ಬರೆದರು. ಗಾಯಗೊಂಡ ಕೂಲಿಯಾಳನ್ನು ಹೊರದಬ್ಬುವುದು, ಲಂಚ, ಕೊಳೆತ ಮಾಂಸದ ಮಾರಾಟ ಎಲ್ಲವೂ ಅದರಲ್ಲಿವೆ. 1906ರಲ್ಲಿ ಪುಸ್ತಕ ಬಂತು. ಅದೇ ವರ್ಷ ಜೂನ್ 30ರಂದು ಮಾಂಸ ತಪಾಸಣೆಯ ಕಾನೂನೂ ಬಂತು. ಓದುಗರು ತಮ್ಮ ತಟ್ಟೆಯನ್ನು ಶುದ್ಧಮಾಡಿಕೊಂಡರು. ಕಾರ್ಮಿಕನ ಪಾಡು ಆ ಕಾನೂನಿನ ಹೊರಗೇ ಉಳಿಯಿತು.

ಪರಿಸರದ ಮಾತನಾಡುವ ನಾವೂ ಈ ತಪ್ಪು ಮಾಡುತ್ತೇವೆ. ಹೊಳೆಗೆ ಸೇರಿದ ವಿಷವನ್ನು ಅಳೆಯುತ್ತೇವೆ. ಆ ವಿಷವನ್ನು ಬರಿಗೈಯಲ್ಲಿ ಕಲಸಿದವನನ್ನು ಮರೆಯುತ್ತೇವೆ.

ಮಕ್ಕಳೇ, ಯಾದಗಿರಿ ಸೀಮೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ನಿಮ್ಮ ಮನೆಯವರೂ ಹೋಗಿರಬಹುದು. ಅವರು ಮರಳಿದಾಗ ಕೇಳಿರಿ: ಮುಂಗಡವೆಷ್ಟು? ದುಡಿದ ದಿನಗಳೆಷ್ಟು? ಪೆಟ್ಟಾದಾಗ ಔಷಧಿಗೆ ಹಣ ಕೊಟ್ಟವರಾರು? ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು? ಕೇಳಿದ್ದನ್ನು ಬರೆದಿಡಿರಿ. ಚೋಮನ ಬಳಿ ಒಂದು ದುಡಿಯಿತ್ತು, ಲೇಖನಿಯಿರಲಿಲ್ಲ. ನಿಮ್ಮ ಬಳಿ ಲೇಖನಿಯಿದೆ.