ಕುರ್ಚಿ ಖಾಲಿ, ಚಾರ್ಜ್ ಇನ್ನೊಬ್ಬರಿಗೆ

ತಿರುವನಂತಪುರ, ಕೊಚ್ಚಿಯಲ್ಲಿರೋ ನಮ್ಮ ಐಟಿ ಮಂದಿ ವೀಕೆಂಡ್‌ನಲ್ಲಿ ವಿಳಿಂಜಂಗೆ ಹೋಗಿ ದೊಡ್ಡ ಹಡಗಿನ ಫೋಟೊ ಹಾಕ್ತೀರಿ. ಇವತ್ತಿನ ಮಾತು ಹಡಗಿನದಲ್ಲ, ಕುರ್ಚಿಯದು. ಆ ಬಂದರನ್ನ ನಡೆಸೋದು ಅದಾನಿ ಕಂಪನಿ, ನಿಜ. ಆದರೆ ಸರ್ಕಾರದ ಪರವಾಗಿ ಅದರ ಮೇಲೆ ಕಣ್ಣಿಡಬೇಕಾದ್ದು ಪೂರ್ತಿ ಕೇರಳ ಸರ್ಕಾರದ ಒಡೆತನದ ವಿಐಎಸ್‌ಎಲ್ ಅನ್ನೋ ಕಂಪನಿ. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು ಒಎನ್‌ಜಿಸಿ ನೋಡಿ. 2021ರ ಮಾರ್ಚ್ 31ಕ್ಕೆ ಶಶಿ ಶಂಕರ್ ನಿವೃತ್ತರಾದರು. ಸರ್ಕಾರಿ ಕಂಪನಿಯಲ್ಲಿ ನಿವೃತ್ತಿ ಅಂದ್ರೆ ಜನ್ಮದಿನಾಂಕದ ಲೆಕ್ಕ, ವರ್ಷಗಳ ಮುಂಚೆಯೇ ಗೊತ್ತಿರುತ್ತೆ. ಆದರೂ ಕುರ್ಚಿ ಖಾಲಿ. ಜೂನ್‌ನಲ್ಲಿ ಆಯ್ಕೆ ಮಂಡಳಿ ಒಂಬತ್ತು ಜನರ ಸಂದರ್ಶನ ಮಾಡಿ, ಯಾರೂ ಬೇಡ ಅಂತು. ಮೊದಲು ಸುಭಾಷ್ ಕುಮಾರ್, ಆಮೇಲೆ ಅಲ್ಕಾ ಮಿತ್ತಲ್, ಆಮೇಲೆ ರಾಜೇಶ್ ಕುಮಾರ್ ಶ್ರೀವಾಸ್ತವ, ಮೂವರೂ 'ಹೆಚ್ಚುವರಿ ಪ್ರಭಾರ'ದಲ್ಲಿ. ಕೊನೆಗೆ 2022ರ ಡಿಸೆಂಬರ್‌ನಲ್ಲಿ, ಬಿಪಿಸಿಎಲ್‌ನಿಂದ ಆಗಷ್ಟೇ ನಿವೃತ್ತರಾಗಿದ್ದ ಅರುಣ್ ಕುಮಾರ್ ಸಿಂಗ್ ಅವರನ್ನ ಕರೆತಂದು ಕೂರಿಸಿದರು. ದೇಶದ ಅತಿ ದೊಡ್ಡ ತೈಲ ಉತ್ಪಾದಕ ಕಂಪನಿಗೆ ಇಪ್ಪತ್ತು ತಿಂಗಳು ಕಾಯಂ ಅಧ್ಯಕ್ಷರಿಲ್ಲ! ಒಎನ್‌ಜಿಸಿ ಅಧ್ಯಕ್ಷರೇ ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ಗೂ ಅಧ್ಯಕ್ಷರು, ಅಂದ್ರೆ ಅಲ್ಲೂ ಅದೇ ಕಥೆ.

ಪ್ರಭಾರದಲ್ಲಿರೋರು ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಅದು ನಮ್ಮ ಆನ್‌ಕಾಲ್ ಡ್ಯೂಟಿ ಇದ್ದ ಹಾಗೆ. ಸರ್ವರ್ ಬೀಳದ ಹಾಗೆ ನೋಡ್ಕೋತೀವಿ, ಇಡೀ ಸಿಸ್ಟಂ ಹೊಸದಾಗಿ ಕಟ್ಟೋ ನಿರ್ಧಾರ ಯಾರು ತಗೋತಾರೆ? ಮುಂದಿನವರು ಬರಲಿ ಅಂತೀವಿ.

ಇನ್ನು ಬೋರ್ಡ್ ವಿಚಾರ. ಷೇರುಪೇಟೆಯ ನಿಯಮದ ಪ್ರಕಾರ ಬೋರ್ಡ್‌ನಲ್ಲಿ ಇಂತಿಷ್ಟು ಸ್ವತಂತ್ರ ನಿರ್ದೇಶಕರು ಇರಲೇಬೇಕು, ಇಲ್ಲದಿದ್ರೆ ದಿನಕ್ಕೆ 5,000 ರೂಪಾಯಿ ದಂಡ. 92 ದಿನದ ತ್ರೈಮಾಸಿಕಕ್ಕೆ 4.6 ಲಕ್ಷ, ಜಿಎಸ್‌ಟಿ ಸೇರಿ 5.43 ಲಕ್ಷ, ಬಿಎಸ್‌ಇ ಮತ್ತು ಎನ್‌ಎಸ್‌ಇ ಎರಡಕ್ಕೂ ಬೇರೆ ಬೇರೆ. ಇಂಡಿಯನ್ ಆಯಿಲ್, ಗೇಲ್, ಕೊಚ್ಚಿ ರಿಫೈನರಿಯ ಬಿಪಿಸಿಎಲ್, ಎಂಆರ್‌ಪಿಎಲ್ ಎಲ್ಲಕ್ಕೂ ಈ ದಂಡ ಬಿದ್ದಿದೆ. ಕಂಪನಿಗಳ ಉತ್ತರ ಏನು ಗೊತ್ತಾ? ನಿರ್ದೇಶಕರನ್ನ ನೇಮಿಸೋದು ಸರ್ಕಾರ, ನಮ್ಮ ಕೈಯಲ್ಲೇನಿದೆ, ದಂಡ ಮನ್ನಾ ಮಾಡಿ ಅಂತ. ಅವರು ಹೇಳೋದು ಸುಳ್ಳೂ ಅಲ್ಲ. ನೇಮಕ ಮಾಡದವರು ದೆಹಲಿಯ ಸಚಿವಾಲಯದಲ್ಲಿ, ದಂಡ ಹೋಗೋದು ಕಂಪನಿಯ ಗಲ್ಲಾದಿಂದ. ಅದರಲ್ಲಿ ಸಣ್ಣ ಷೇರುದಾರರ ಪಾಲೂ ಇದೆ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ ಐದು ಲಕ್ಷ ಚಹಾ ಖರ್ಚು, ಅದು ಬೇರೆ ಮಾತು.

ವಿಜಿಲೆನ್ಸ್ ತಪಾಸಣೆಗೆ ಟೈಮ್ ಬೇಕು ಅನ್ನೋ ವಾದ ಒಪ್ತೀನಿ. ಆದರೆ ಖಾಲಿಯಾಗೋ ದಿನಾಂಕ ಗೊತ್ತಿರುವಾಗ ಅದನ್ನ ಮೊದಲೇ ಶುರು ಮಾಡಬಹುದಲ್ವಾ? ಬೇಗ ತುಂಬಿದರೆ ಸಾಕು ಅಂತಲೂ ಅಲ್ಲ. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಒಂದೇ ಏಟಿಗೆ 34 ಶಾಸಕರಿಗೆ ನಿಗಮ-ಮಂಡಳಿ ಸಿಕ್ಕಿತು. ಅಲ್ಲಿ ನೋಡಿದ್ದು ಮಂತ್ರಿಗಿರಿ ಸಿಗದವರ ಸಮಾಧಾನವನ್ನ, ನಿಗಮಕ್ಕೆ ಏನು ಬೇಕು ಅನ್ನೋದನ್ನ ಅಲ್ಲ. ಕೇರಳ ಇದಕ್ಕಂತಲೇ ಒಂದು ಆಯ್ಕೆ-ನೇಮಕಾತಿ ಮಂಡಳಿ ಮಾಡಿ, 2023ರಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ವಿ.ಪಿ. ಜಾಯ್ ಅವರನ್ನ ಅಧ್ಯಕ್ಷರನ್ನಾಗಿಸಿತು. ದಾರಿ ಸರಿ ಅನ್ನಿಸುತ್ತೆ ನನಗೆ.

ಆದರೆ ವಿಐಎಸ್‌ಎಲ್ ಎಂಡಿ ಐಎಎಸ್ ಅಧಿಕಾರಿ, ಆ ಹುದ್ದೆ ತುಂಬೋದು ವರ್ಗಾವಣೆಯಿಂದ. 2023ರಲ್ಲೇ ಅದೀಲಾ ಅಬ್ದುಲ್ಲಾ ಹೋಗಿ ದಿವ್ಯಾ ಎಸ್. ಅಯ್ಯರ್ ಬಂದರು. 2024ರ ಜುಲೈನಲ್ಲಿ ಮೊದಲ ಮದರ್‌ಶಿಪ್ ಬಂದಾಗ, 2025ರ ಮೇ 2ರ ಉದ್ಘಾಟನೆಯಲ್ಲೂ ಅವರೇ ಇದ್ದರು. ಅಷ್ಟು ಕಾಲ ಒಬ್ಬರೇ ಇದ್ದದ್ದು ಒಳ್ಳೇದಾಯ್ತು. ಆದರೆ ಒಪ್ಪಂದ 40 ವರ್ಷದ್ದು. ವಾಡಿಕೆ 30 ಇರುವಾಗ 10 ವರ್ಷ ಯಾಕೆ ಹೆಚ್ಚು ಕೊಟ್ರಿ ಅಂತ ಸಿಎಜಿ 2017ರಲ್ಲೇ ಕೇಳಿತ್ತು. ಆ ಕಡೆ ಒಂದೇ ಕಂಪನಿ, ಅದೇ ವಕೀಲರು, ಅದೇ ಕಡತ. ಈ ಕಡೆ ಎರಡು-ಮೂರು ವರ್ಷಕ್ಕೊಬ್ಬರು ಬಂದು ಒಪ್ಪಂದವನ್ನ ಮೊದಲ ಪುಟದಿಂದ ಓದ್ತಾ ಕೂತರೆ, ಆದಾಯದ ಪಾಲಿನ ಲೆಕ್ಕ ಕೇಳೋ ಹೊತ್ತಿಗೆ ಅದನ್ನ ಬಲ್ಲವರು ಯಾರಿರ್ತಾರೆ?

ಇನ್ನೊಂದು ಮಾತು. ಕೊಚ್ಚಿನ್ ಶಿಪ್‌ಯಾರ್ಡ್ ಷೇರುಪೇಟೆಯಲ್ಲಿದೆ, ಅದರ ಬೋರ್ಡ್‌ನಲ್ಲಿ ಯಾರಿದ್ದಾರೆ ಅಂತ ಮೂರು ತಿಂಗಳಿಗೊಮ್ಮೆ ಬಿಎಸ್‌ಇ ವೆಬ್‌ಸೈಟಿನಲ್ಲಿ ನೋಡಬಹುದು. ವಿಐಎಸ್‌ಎಲ್ ಷೇರುಪೇಟೆಯಲ್ಲಿಲ್ಲ. ಅಲ್ಲಿ ಕುರ್ಚಿ ಖಾಲಿ ಬಿದ್ದರೆ ಆ 5,000 ರೂಪಾಯಿ ದಂಡವೂ ಇಲ್ಲ.