ಹೈದರನಿಗೆ ಹೆದರಿ ಎದ್ದ ಗೋಡೆ



ಬೆಂಗಳೂರಿನಿಂದ ರೈಲಿನಲ್ಲಿ ಬಂದು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದವರು ನಿಲ್ದಾಣದ ಮಗ್ಗುಲಲ್ಲೇ ಉತ್ತರಕ್ಕೆ ಸಾಗುವ ವಾಲ್‌ಟ್ಯಾಕ್ಸ್ ರಸ್ತೆಯನ್ನು ನೋಡಿರುತ್ತೀರಿ. ಸರ್ಕಾರಿ ಫಲಕದಲ್ಲಿ ಅದು ವ.ಉ.ಚಿದಂಬರನಾರ್ ಸಾಲೈ. ಆಟೋದವರ ಬಾಯಲ್ಲಿ ಮಾತ್ರ ಇವತ್ತಿಗೂ ವಾಲ್‌ಟ್ಯಾಕ್ಸ್. ಈಗ ಅಲ್ಲಿ ಹುಡುಕಿದರೂ ಗೋಡೆ ಸಿಗುವುದಿಲ್ಲ. ಒಂದು ಕಾಲಕ್ಕೆ ಇತ್ತು. ಅದನ್ನು ಎಬ್ಬಿಸಿದ್ದು ನಮ್ಮ ಮೈಸೂರು ಸೀಮೆಯ ಕುದುರೆಗಳು ಎಂದರೆ ತಪ್ಪಾಗದು.

ದಾಮರ್ಲ ವೆಂಕಟಾದ್ರಿ ನಾಯಕರಿಂದ 1639ರಲ್ಲಿ ಸಮುದ್ರದಂಡೆಯ ಮರಳುನೆಲವನ್ನು ಪಡೆದ ಈಸ್ಟ್ ಇಂಡಿಯಾ ಕಂಪನಿ ಮರುವರ್ಷವೇ ಸೇಂಟ್ ಜಾರ್ಜ್ ಕೋಟೆಗೆ ಕೈಹಾಕಿತು. ಕೋಟೆಯಲ್ಲಿ ಬಿಳಿಯರು ನೆಲೆಸಿದರು. ಉತ್ತರಕ್ಕೆ ನೇಕಾರರು, ಬಟ್ಟೆಗೆ ಬಣ್ಣ ಹಾಕುವವರು, ವರ್ತಕರು, ದುಬಾಷಿಗಳು ಸೇರಿ ಒಂದು ಊರೇ ಬೆಳೆಯಿತು. ಇಂಗ್ಲಿಷರು ಅದನ್ನು ಬ್ಲ್ಯಾಕ್ ಟೌನ್ ಎಂದರು. ಕಂಪನಿಯ ಹೊಟ್ಟೆ ತುಂಬುತ್ತಿದ್ದುದು ಆ ನೇಕಾರರ ಮಗ್ಗದಿಂದ.

1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದರು. 1749ರಲ್ಲಿ ಒಪ್ಪಂದದಂತೆ ಅದು ಇಂಗ್ಲಿಷರಿಗೆ ಮರಳಿತು. ಇಷ್ಟಾದ ಮೇಲೆ ಕೋಟೆಯವರಿಗೆ ಒಂದೇ ಚಿಂತೆ: ಕೋಟೆಗೋಡೆಯ ಬುಡದಲ್ಲೇ ಮನೆಗಳಿದ್ದರೆ ಶತ್ರು ಅವುಗಳ ಮರೆಯಲ್ಲಿ ನುಗ್ಗಿಬಿಡುತ್ತಾನೆ, ಫಿರಂಗಿಗೆ ಎದುರಿನಲ್ಲಿ ಬಯಲು ಬೇಕು. ಫ್ರೆಂಚರು ಆರಂಭಿಸಿದ್ದ ಕೆಡವುವ ಕೆಲಸವನ್ನು ಇಂಗ್ಲಿಷರು ಮುಗಿಸಿದರು. ಬೀದಿಗಳು ಹೋದವು. ಊರದೇವರಾದ ಚೆನ್ನಕೇಶವನ ಗುಡಿಯೂ ಹೋಯಿತು. ಬದಲಿ ಜಾಗದಲ್ಲಿ, ಈಗಿನ ಹೂವಿನ ಪೇಟೆಯ ಬಳಿ, ಮಣಲಿ ಮುತ್ತುಕೃಷ್ಣ ಮೊದಲಿಯಾರರ ಮುಂದಾಳುತನದಲ್ಲಿ ಚೆನ್ನಕೇಶವ, ಚೆನ್ನಮಲ್ಲೇಶ್ವರ ಜೋಡಿಗುಡಿಗಳು ಮತ್ತೆ ಎದ್ದವು. ಇದರಿಂದಾಚೆ ಯಾರೂ ಮನೆ ಕಟ್ಟಬಾರದೆಂದು ಬಯಲಿನ ಅಂಚಿಗೆ ಗಡಿಕಂಬಗಳನ್ನು ನೆಟ್ಟರು. 1773ರ ಅಂಥದೊಂದು ಕಂಬ ಪ್ಯಾರಿಸ್ ಕಾರ್ನರಿನ ಡೇರ್ ಹೌಸಿನ ಬಳಿ ಈಗಲೂ ನಿಂತಿದೆ. ಅದೇ ಬಯಲಿನ ಮೇಲೆ 1892ರಲ್ಲಿ ಕೆಂಪು ಹೈಕೋರ್ಟು ಬಂತು. 1956ರವರೆಗೂ ದಕ್ಷಿಣ ಕನ್ನಡದ ಅಪೀಲುಗಳು ಬರುತ್ತಿದ್ದುದು ಅಲ್ಲಿಗೇ. ಗೇಣಿ, ಅಳಿಯಸಂತಾನದ ವ್ಯಾಜ್ಯಗಳನ್ನು ಕಂಕುಳಲ್ಲಿ ಹಿಡಿದು ಮಂಗಳೂರು, ಉಡುಪಿ, ಕಾಸರಗೋಡಿನ ನಮ್ಮ ಹಿರಿಯರು ಮದ್ರಾಸಿನ ಬಿಸಿಲಿನಲ್ಲಿ ಬೆವರಿದ್ದು ಆ ಕೆಡವಿದ ಊರಿನ ನೆಲದಲ್ಲಿ.

ಇನ್ನು ಹೈದರನ ಕಥೆ. 1767ರಲ್ಲೇ ಹದಿಹರೆಯದ ಟಿಪ್ಪುವಿನ ದಂಡು ಮದ್ರಾಸಿನ ಹೊರವಲಯಕ್ಕೆ ನುಗ್ಗಿ ಇಂಗ್ಲಿಷರ ತೋಟದ ಬಂಗಲೆಗಳನ್ನು ಸೂರೆ ಮಾಡಿತ್ತು. 1769ರ ಮಾರ್ಚಿನಲ್ಲಿ ತಂದೆಯೇ ಬಂದ. ಇಂಗ್ಲಿಷ್ ಸೈನ್ಯವನ್ನು ದೂರಕ್ಕೆ ಎಳೆದೊಯ್ದು, ದೊಡ್ಡ ಫಿರಂಗಿ, ಸಾಮಾನು ಸರಂಜಾಮನ್ನೆಲ್ಲ ಹಿಂದೆ ಬಿಟ್ಟು, ಆಯ್ದ ಸವಾರರೊಡನೆ ಕೆಲವೇ ದಿನಗಳಲ್ಲಿ ನೂರು ಮೈಲಿಗೂ ಹೆಚ್ಚು ದೂರ ಓಡಿಬಂದು ಸೇಂಟ್ ಥಾಮಸ್ ಮೌಂಟಿನ ಬಳಿ ಕಾಣಿಸಿಕೊಂಡ. ಮುತ್ತಿಗೆ ಹಾಕಲು ಬೇಕಾದ ತೋಪು ಅವನ ಬಳಿ ಇರಲಿಲ್ಲ. ಬೇಕಾಗಲೂ ಇಲ್ಲ. ಏಪ್ರಿಲಿನಲ್ಲಿ ಕಂಪನಿ ಸಂಧಿಗೆ ರುಜು ಹಾಕಿತು.

ಅದಾದ ಮೇಲೆ, ಬಯಲಿನಾಚೆ ಉತ್ತರಕ್ಕೆ ಸರಿದು ನೆಲೆಸಿದ್ದ ಬ್ಲ್ಯಾಕ್ ಟೌನಿಗೆ ಗೋಡೆ ಕಟ್ಟುವ ಕೆಲಸ ಚುರುಕಾಯಿತು. ದಕ್ಷಿಣಕ್ಕೆ ಕೋಟೆ, ಪೂರ್ವಕ್ಕೆ ಸಮುದ್ರ. ಉಳಿದ ಉತ್ತರ, ಪಶ್ಚಿಮ ದಿಕ್ಕುಗಳಲ್ಲಿ ಸುಮಾರು ಮೂರೂವರೆ ಮೈಲಿ ಗೋಡೆ ಎದ್ದಿತು. ಗುತ್ತಿಗೆ ಪಾಲ್ ಬೆನ್‌ಫೀಲ್ಡನದು. ಮುಂದೆ ಆರ್ಕಾಟಿನ ನವಾಬನಿಗೆ ಬಡ್ಡಿಸಾಲ ಕೊಟ್ಟು ಹೆಸರು ಕೆಡಿಸಿಕೊಂಡು, 1785ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎಡ್ಮಂಡ್ ಬರ್ಕ್‌ನಿಂದ ಬೈಸಿಕೊಂಡನಲ್ಲ, ಅದೇ ಬೆನ್‌ಫೀಲ್ಡ್. ಗೋಡೆಯನ್ನಂತೂ ಗಟ್ಟಿಯಾಗಿಯೇ ಕಟ್ಟಿಸಿದ.

ನನಗೆ ಸೋಜಿಗವೆನಿಸುವುದು ಇಲ್ಲೇ. ಕೋಟೆ ಉಳಿಯಲೆಂದು ಯಾರ ಮನೆಗಳನ್ನು ಕೆಡವಿದರೋ, ಇಪ್ಪತ್ತೇ ವರ್ಷಗಳಲ್ಲಿ ಅವರೇ ಕಾಪಾಡಬೇಕಾದ ಜನವಾದರು. ಇದು ಕಂಪನಿಯ ಔದಾರ್ಯವೇನಲ್ಲ. ಕುದುರೆಯ ಸದ್ದಿಗೆ ನೇಕಾರನೂ ವರ್ತಕನೂ ಊರು ಬಿಟ್ಟರೆ ಕೋಟೆಯಲ್ಲಿ ಕೂತು ಮಾಡುವುದೇನು ಎಂಬ ಲೆಕ್ಕ. ಲೆಕ್ಕ ಅಲ್ಲಿಗೇ ನಿಲ್ಲಲೂ ಇಲ್ಲ. ಗೋಡೆಯ ಖರ್ಚನ್ನು ಒಳಗಿರುವವರಿಂದಲೇ ತೆರಿಗೆಯಾಗಿ ಎತ್ತಬೇಕೆಂದು ಕಂಪನಿ ಹೊರಟಿತು. ಜನ ಒಪ್ಪಲಿಲ್ಲ, ತೆರಿಗೆ ವಸೂಲಾಗಲಿಲ್ಲ. ಗೋಡೆಗಿಂತ ತೆರಿಗೆಯ ಹೆಸರೇ ಹೆಚ್ಚು ಬಾಳಿತು.

ಇಟಲಿಯ ಲುಕ್ಕಾ ಎಂಬ ಊರಿನ ಗೋಡೆಯದು ಮದ್ರಾಸಿನ ಗೋಡೆಗೆ ಹತ್ತಿರದ ಕಥೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಅಲ್ಲಿಯವರು ನಾಲ್ಕು ಕಿಲೋಮೀಟರಿಗೂ ಮೀರಿದ ಕೋಟೆಗೋಡೆಯನ್ನು ಕಟ್ಟಿಕೊಂಡರು. ಶತ್ರು ಅದನ್ನು ಮುತ್ತಲೇ ಇಲ್ಲ. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿದಾಗ ಬಾಗಿಲುಗಳನ್ನು ಮುಚ್ಚಿ ನೆರೆಯನ್ನು ತಡೆದರಂತೆ. ಈಗ ಗೋಡೆಯ ಮೇಲೆ ಮರಗಳ ಸಾಲು, ನಡೆಯುವವರು, ಸೈಕಲ್ ತುಳಿಯುವವರು. ಮದ್ರಾಸಿನ ಹೊಸ ಗೋಡೆಯನ್ನೂ ಯಾರೂ ಒಡೆದು ಒಳಹೊಕ್ಕಲಿಲ್ಲ. 1780ರಲ್ಲಿ ಹೈದರ್ ಪೊಳ್ಳಿಲೂರಿನಲ್ಲಿ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ನುಚ್ಚುನೂರು ಮಾಡಿದಾಗಲೂ ಈ ಊರಿಗೆ ಮುತ್ತಿಗೆ ಹಾಕಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮದ್ರಾಸಿಗೆ ಆ ದಿಕ್ಕಿನ ಭಯವೇ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಬೆಳೆಯುತ್ತ ಬೆಳೆಯುತ್ತ ಗೋಡೆ ಬಹುಪಾಲು ಕರಗಿಹೋಯಿತು.

ಲುಕ್ಕಾದವರು ಇಡೀ ಗೋಡೆಯನ್ನೇ ಉಳಿಸಿಕೊಂಡರು. ನಮಗೆ ಉಳಿದದ್ದು ಒಂದು ತುಂಡು. ಅದನ್ನು ನೋಡಬೇಕಾದರೆ ಉತ್ತರ ಚೆನ್ನೈಯ ಓಲ್ಡ್ ಜೈಲ್ ರಸ್ತೆಗೆ ಹೋಗಬೇಕು. ಅಲ್ಲಿ ಗೋಡೆಯ ನೆತ್ತಿಯ ಮೇಲೆಯೇ ಒಂದು ಉದ್ಯಾನ ಮಾಡಿದ್ದಾರೆ, ಹೆಸರು ‘ಮಾಡಿ ಪೂಂಗಾ’, ಅಂದರೆ ಮಹಡಿ ಉದ್ಯಾನ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಹೈದರನ ಹೆಸರು ಹೇಳಿದರೆ ಗೊತ್ತಾಗಲಿಕ್ಕಿಲ್ಲ, ಪಾರ್ಕು ಎಂದರೆ ಸಾಕು.